ಸೋಮ್ ಕಣಿವೆ: ನದಿಯ ಹೆಸರು, ಯುದ್ಧದ ನೆಲ

ಯುದ್ಧಗಳನ್ನು ಸ್ಥಳನಾಮಗಳಿಂದ ಗುರುತಿಸುವುದು ಇತಿಹಾಸ ಲೇಖನದ ಹಳೆಯ ರೂಢಿ. ಪಾಣಿಪತ್, ಪ್ಲಾಸಿ, ವಾಟರ್ಲೂ ಎಂದೊಡನೆ ಒಂದು ಯುಗದ ತಿರುವು ನಮ್ಮ ಕಣ್ಣೆದುರು ನಿಲ್ಲುತ್ತದೆ. ಹೆಸರು ನೆನಪಿಗೆ ಅನುಕೂಲವಾದುದು. ಆದರೆ ಕೆಲವೊಮ್ಮೆ ಅದೇ ಹೆಸರು ನೆಲದ ನಿಜಸ್ವರೂಪವನ್ನು ಮರೆಮಾಡುವುದೂ ಉಂಟು. 1916ರ ಸೋಮ್ ಕದನ ಇದಕ್ಕೆ ತಕ್ಕ ನಿದರ್ಶನ. 'ಸೋಮ್ ನದಿಯ ಕದನ' ಎಂಬ ಮಾತನ್ನು ಓದಿದ ವಿದ್ಯಾರ್ಥಿಯು ಎರಡು ಸೈನ್ಯಗಳು ನದಿಯ ಎರಡು ದಡಗಳಲ್ಲಿ ಎದುರುಬದುರಾಗಿ ನಿಂತು ಕಾದಾಡಿದವೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿರಲಿಲ್ಲ. ಆ ಕದನದ ಬಹುಭಾಗ ನಡೆದುದು ನದಿಯಿಂದ ದೂರದ ಎತ್ತರದ ಬಯಲುಗಳಲ್ಲಿ. ಹಾಗಾದರೆ ಕಣಿವೆಯಲ್ಲಿ ನಡೆದುದೇನು? ಈ ಪ್ರಶ್ನೆಯನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನದಿಯ ಸ್ವರೂಪವನ್ನು ಗಮನಿಸಬೇಕು. ಉತ್ತರ ಫ್ರಾನ್ಸಿನ ಸಾಂ ಕಾಂತಾಂ ಪಟ್ಟಣದ ಸಮೀಪದ ಫೋನ್ಸೋಮ್ ಎಂಬಲ್ಲಿ ಹುಟ್ಟುವ ಸೋಮ್ ನದಿಯು ಸುಮಾರು 245 ಕಿಲೋಮೀಟರ್ ಹರಿದು, ಸಾಂ ವಾಲೆರಿಯ ಬಳಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಸೇರುತ್ತದೆ. ಇಳಿಜಾರು ಅತ್ಯಲ್ಪವಾದುದರಿಂದ ಪ್ರವಾಹ ಮಂದ. ನದಿ ಸುತ್ತಿಬಳಸಿ ಸಾಗುತ್ತದೆ. ಇಕ್ಕೆಲಗಳಲ್ಲಿ ಜೌಗುನೆಲ, ಜೊಂಡು, ಕೊಳಗಳ ಸಾಲು. ಈ ಕೊಳಗಳಲ್ಲಿ ಅನೇಕವು ಮನುಷ್ಯನ ಕೈಯಿಂದ ಆದವು: ಒಲೆಗೆ ಉರುವಲಾಗಿ ಬಳಸುತ್ತಿದ್ದ, ಕೊಳೆತ ಸಸ್ಯಗಳಿಂದಾದ 'ಪೀಟ್' ಎಂಬ ಮಣ್ಣನ್ನು ಜನರು ಶತಮಾನಗಳ ಕಾಲ ಅಗೆದು ತೆಗೆದುದರ ಗುರುತುಗಳು. ಇಂತಹ ನೆಲವನ್ನು ದಾಟಲು ಸೇತುವೆಯೋ ಹಾಯ್ಗಡವೋ ಬೇಕು. ಪೆರೋನ್, ಕಾರ್ಬಿ, ಅಮಿಯಾಂ, ಅಬ್‌ವಿಲ್ ಎಂಬ ಊರುಗಳು ಪ್ರಾಮುಖ್ಯಕ್ಕೆ ಬಂದುದಕ್ಕೆ ಈ ದಾಟುವಿಕೆಯ ಅಗತ್ಯವೂ ಒಂದು ಕಾರಣ.

ಆದುದರಿಂದ ಹಿಂದಿನ ಯುದ್ಧಗಳಲ್ಲಿ ಸೋಮ್ ನದಿಯು ಮುಖ್ಯವಾಗಿ ಒಂದು ತಡೆಯಾಗಿಯೇ ಕಾಣಿಸಿಕೊಳ್ಳುತ್ತದೆ. 1346ರ ಆಗಸ್ಟ್ 24ರಂದು ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ದೊರೆಯು ಅಬ್‌ವಿಲ್‌ನ ಕೆಳಗಡೆಯ ಬ್ಲಾಂಷ್‌ತಾಕ್ ಎಂಬ ಹಾಯ್ಗಡದಲ್ಲಿ, ಸಮುದ್ರದ ಇಳಿತದ ಹೊತ್ತನ್ನು ನೋಡಿ ನದಿಯನ್ನು ದಾಟಿದನು. ಎರಡು ದಿನಗಳ ತರುವಾಯ ಕ್ರೆಸಿಯ ಯುದ್ಧ ನಡೆಯಿತು. 1415ರಲ್ಲಿ ಐದನೆಯ ಹೆನ್ರಿಗೆ ಅದೇ ಹಾಯ್ಗಡ ಮುಚ್ಚಿಹೋಗಿತ್ತು. ಆತನು ದಂಡೆಯುದ್ದಕ್ಕೂ ಮೇಲ್ಮುಖವಾಗಿ ನಡೆದು, ಪೆರೋನ್ ಪಟ್ಟಣಕ್ಕಿಂತಲೂ ಮೇಲೆ ಅಕ್ಟೋಬರ್ 19ರಂದು ದಾಟಿ, ಅದೇ ತಿಂಗಳ 25ರಂದು ಅಜಿನ್‌ಕೂರ್ ಯುದ್ಧಭೂಮಿಯನ್ನು ತಲಪಿದನು. ಈ ಎರಡು ಪ್ರಸಂಗಗಳಲ್ಲಿಯೂ ನದಿಯು ಸೈನ್ಯದ ದಾರಿಗೆ ಅಡ್ಡಲಾಗಿ ಬಿದ್ದಿತ್ತೆಂಬುದು ನೆನಪಿನಲ್ಲಿರಲಿ.

1916ರಲ್ಲಿ ಪರಿಸ್ಥಿತಿ ಬೇರೆ. ಆಗ ಯುದ್ಧರೇಖೆಯು ಸ್ಥೂಲವಾಗಿ ಉತ್ತರದಿಂದ ದಕ್ಷಿಣಕ್ಕೆ ಸಾಗಿ, ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ನದಿಯನ್ನು ಕತ್ತರಿಸಿತ್ತು. ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಒಂದನ್ನೊಂದು ಕೂಡುತ್ತಿದ್ದುದು ನದಿಗೆ ಸ್ವಲ್ಪ ಉತ್ತರದ ಮರಿಕೂರ್ ಗ್ರಾಮದ ಬಳಿ. 1915ರ ಡಿಸೆಂಬರಿನಲ್ಲಿ ಶಾಂತಿಯಿ ಎಂಬಲ್ಲಿ ಸೇರಿದ ಮಿತ್ರರಾಷ್ಟ್ರಗಳ ಸೇನಾನಾಯಕರು ಮುಂದಿನ ವರ್ಷ ಎಲ್ಲ ಕಡೆಗಳಲ್ಲಿಯೂ ಏಕಕಾಲಕ್ಕೆ ಮುನ್ನುಗ್ಗಬೇಕೆಂದು ನಿಶ್ಚಯಿಸಿದ್ದರು. ಫ್ರಾನ್ಸಿನಲ್ಲಿ ಇಬ್ಬರೂ ಕೂಡಿ ಆಕ್ರಮಿಸಲು ಇಬ್ಬರ ಸಂಧಿಸ್ಥಾನವೇ ಅನುಕೂಲವೆಂದು ತೋರಿತು. ಆದರೆ 1916ರ ಫೆಬ್ರವರಿ 21ರಂದು ವೆರ್ದನ್ ಮೇಲೆ ಜರ್ಮನರ ದಾಳಿ ಆರಂಭವಾದುದರಿಂದ ಫ್ರೆಂಚರ ಪಾಲು ಕುಗ್ಗಿ, ಭಾರವೆಲ್ಲ ಬಹುಮಟ್ಟಿಗೆ ಬ್ರಿಟಿಷರ ಮೇಲೆ ಬಿದ್ದಿತು. ಬ್ರಿಟಿಷರು ಹೋರಾಡಿದ ನೆಲವೆಲ್ಲ ನದಿಯ ಉತ್ತರಕ್ಕೆ, ಸೋಮ್ ಮತ್ತು ಅದರ ಉಪನದಿಯಾದ ಆಂಕ್ರ್ ನದಿಗಳ ನಡುವಣ ಹಾಗೂ ಅದರಾಚೆಯ ಎತ್ತರದ ಬಯಲು. ನದಿಯ ಬಳಸುಗಳನ್ನೂ ದಕ್ಷಿಣದ ಬಯಲನ್ನೂ ವಹಿಸಿಕೊಂಡವರು ಫ್ರೆಂಚರು. ಕುರ್ಲು, ಫ್ರೀಸ್ ಮೊದಲಾದ ದಂಡೆಯ ಗ್ರಾಮಗಳನ್ನು ಮೊದಲ ಎರಡು ದಿನಗಳಲ್ಲಿಯೇ ಗೆದ್ದವರೂ ಅವರೇ. ಇಂಗ್ಲಿಷ್ ಗ್ರಂಥಗಳನ್ನು ಮಾತ್ರ ಆಶ್ರಯಿಸುವ ನಮ್ಮ ಪಠ್ಯಗಳಲ್ಲಿ ಈ ಸಂಗತಿ ಬಹುಶಃ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಎತ್ತರದ ಬಯಲಿನ ಕಥೆ ಸುಪರಿಚಿತವಾದುದು. ಅಲ್ಲಿಯ ಮಣ್ಣಿನ ಕೆಳಗೆ ಮೃದುವಾದ ಸೀಮೆಸುಣ್ಣದ ಶಿಲೆಯಿದೆ. ಜರ್ಮನರು ಅದನ್ನು ಕೊರೆದು, ಕೆಲವೆಡೆ 9 ಮೀಟರಿಗೂ ಹೆಚ್ಚು ಆಳದಲ್ಲಿ ನೆಲಮನೆಗಳನ್ನು ನಿರ್ಮಿಸಿಕೊಂಡಿದ್ದರು. ಏಳು ದಿನಗಳ ಕಾಲ ಸುರಿಸಿದ ಸುಮಾರು 15 ಲಕ್ಷ ಫಿರಂಗಿ ಗುಂಡುಗಳು ಆ ಆಳವನ್ನು ಮುಟ್ಟಲಿಲ್ಲ. ಮುಳ್ಳುತಂತಿಯೂ ಹಲವೆಡೆ ಹರಿಯಲಿಲ್ಲ. ಜುಲೈ 1ರ ಒಂದೇ ದಿನ ಬ್ರಿಟಿಷ್ ಪಕ್ಷದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಮತ್ತು ಸೆರೆಸಿಕ್ಕವರು ಕೂಡಿ 57,470 ಮಂದಿ. ಅವರಲ್ಲಿ ಮಡಿದವರು 19,240. ನವೆಂಬರ್ 18ರಂದು ಕದನ ನಿಂತಾಗ ಮುಂದುವರಿದುದು ಹೆಚ್ಚೆಂದರೆ ಹತ್ತು ಕಿಲೋಮೀಟರಿನಷ್ಟು ದೂರ; ಎಲ್ಲ ಪಕ್ಷಗಳ ಸಾವುನೋವು ಹತ್ತು ಲಕ್ಷವನ್ನು ಮೀರಿತ್ತು.

ಈ ಬಯಲಿನಲ್ಲಿ ಭಾರತೀಯರ ಪಾತ್ರವೂ ಉಂಟು. ಜುಲೈ 14ರ ಸಂಜೆ ಸಿಕಂದರಾಬಾದ್ ಅಶ್ವದಳದ 20ನೆಯ ಡೆಕ್ಕನ್ ಹಾರ್ಸ್, 7ನೆಯ ಡ್ರಗೂನ್ ಗಾರ್ಡ್ಸ್ ಜೊತೆಗೂಡಿ, 'ಹೈ ವುಡ್' ಎಂಬ ತೋಪಿನ ಬಳಿಯ ಪೈರಿನ ಹೊಲಗಳಲ್ಲಿ ಭರ್ಜಿಗಳನ್ನು ಹಿಡಿದು ಮುನ್ನುಗ್ಗಿತು. ರಾತ್ರಿಯೆಲ್ಲ ನೆಲವನ್ನು ಹಿಡಿದು ನಿಂತು ಬಳಿಕ ಹಿಂದೆ ಸರಿಯಿತು. ಮುಳ್ಳುತಂತಿಯನ್ನು ಸೀಳಲು ಅಲ್ಲಿ ಬಳಸಿದ ಸಾಧನಗಳಲ್ಲೊಂದು ನಮ್ಮ ಊರಿನ ಹೆಸರನ್ನೇ ಹೊತ್ತದ್ದು. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವ 'ಬೆಂಗಳೂರು ಟಾರ್ಪೆಡೊ'ವನ್ನು 1912ರಲ್ಲಿ ಬೆಂಗಳೂರಿನ ಮದರಾಸು ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದನು. ಆದರೆ ಮೈಸೂರು ಸಂಸ್ಥಾನದ ಅಶ್ವದಳವನ್ನು ಈ ಕದನದೊಡನೆ ಸೇರಿಸಿ ಹೇಳುವುದು ಸಲ್ಲದು. ಅದು ಹೋರಾಡಿದ ರಂಗ ಬೇರೆ. ಅದರ ಕೀರ್ತಿ 1918ರ ಸೆಪ್ಟೆಂಬರ್ 23ರ ಹೈಫಾ ವಿಜಯಕ್ಕೆ ಸಂಬಂಧಿಸಿದ್ದು.

ಇನ್ನು ಕಣಿವೆಯ ಮಾತು. ಬಯಲಿನಲ್ಲಿ ಸೈನ್ಯ ನಿಲ್ಲಬೇಕಾದರೆ ಅದಕ್ಕೆ ಆಹಾರ, ನೀರು, ಮದ್ದುಗುಂಡುಗಳು ಕೆಳಗಿನಿಂದ ಬರಬೇಕು, ಗಾಯಾಳುಗಳು ಕೆಳಗಿಳಿಯಬೇಕು. ಈ ಎರಡು ಕೆಲಸಗಳಿಗೂ ಕಣಿವೆ ಒದಗಿತು. ನದಿಯ ಪಕ್ಕದಲ್ಲಿ 18ನೆಯ ಶತಮಾನದಲ್ಲಿ ಆರಂಭವಾಗಿ 19ನೆಯ ಶತಮಾನದಲ್ಲಿ ಮುಗಿದ ಕಾಲುವೆಯೊಂದಿದೆ. ಆ ಕಾಲುವೆಯ ದಂಡೆಯ ಫ್ರ್ವಾಸಿ ಎಂಬಲ್ಲಿಂದ, 1916ರಲ್ಲಿ, ಕೇವಲ 60 ಸೆಂಟಿಮೀಟರ್ ಅಗಲದ ಹಳಿಗಳ ಸೈನಿಕ ರೈಲುದಾರಿಯನ್ನು ಹಾಕಲಾಯಿತು. ದೋಣಿಗಳಿಂದ ಇಳಿಸಿದ ಸರಕನ್ನು ಅದು ಮೇಲಣ ಬಯಲಿಗೆ ಸಾಗಿಸುತ್ತಿತ್ತು. ಯುದ್ಧಾನಂತರ ಅದೇ ಹಳಿಗಳು ಹಾಳೂರುಗಳ ಪುನರ್ನಿರ್ಮಾಣಕ್ಕೂ, ತರುವಾಯ ದೋಂಪಿಯೆರ್ ಗ್ರಾಮದ ಬೀಟ್ ಸಕ್ಕರೆ ಕಾರ್ಖಾನೆಗೂ ದುಡಿದವು. 1971ರಿಂದ ಪ್ರವಾಸಿಗಳನ್ನು ಒಯ್ಯುತ್ತಿವೆ. ಹೀಗೆ ಒಂದೇ ಹಳಿಯ ಮೇಲೆ ಯುದ್ಧ, ದುರಸ್ತಿ, ಕೃಷಿ, ವಿಹಾರ ಎಂಬ ನಾಲ್ಕು ಅವಸ್ಥೆಗಳನ್ನು ಓದಬಹುದು.

ಗಾಯಾಳುಗಳ ಸಾಗಣೆಗೂ ಕಾಲುವೆ ಉಪಯೋಗವಾಯಿತು. ರಸ್ತೆಯ ಕುಲುಕಾಟವನ್ನು ತಾಳಲಾರದವರನ್ನು ಚಪ್ಪಟೆ ತಳದ ಆಸ್ಪತ್ರೆ ದೋಣಿಗಳಲ್ಲಿ ಮಲಗಿಸಿ ಮೆಲ್ಲಗೆ ಅಬ್‌ವಿಲ್ ಕಡೆಗೆ ಒಯ್ಯುತ್ತಿದ್ದರು. 1917ರಲ್ಲಿ ಸೆರಿಸಿ ಗ್ರಾಮದ ಸಮೀಪ ಚಿಕಿತ್ಸೆಯಲ್ಲಿದ್ದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್ ಇಂತಹ ದೋಣಿಯನ್ನು ಕುರಿತು ಒಂದು ಕವಿತೆಯನ್ನೇ ರಚಿಸಿದ್ದಾನೆ. ಕಂದಕಗಳ ಕವಿಯೆಂದು ಪ್ರಸಿದ್ಧನಾದವನಿಗೆ ಈ ಮಂದಗತಿಯ ನೀರೂ ವಸ್ತುವಾಯಿತೆಂಬುದು ಗಮನಾರ್ಹ.

1918ರಲ್ಲಿ ಯುದ್ಧವು ಮತ್ತೆ ಕಣಿವೆಯ ಎರಡು ಬದಿಗಳಲ್ಲಿಯೂ ಹಾದುಹೋಯಿತು; ಆಗಸ್ಟ್ 8ರಂದು ಅಮಿಯಾಂ ಪೂರ್ವಕ್ಕೆ ಆರಂಭವಾದ ಮಿತ್ರಸೈನ್ಯಗಳ ದಾಳಿ ಜರ್ಮನರ ಸೋಲಿಗೆ ನಾಂದಿಯಾಯಿತು. 1940ರಲ್ಲಿಯಂತೂ ನದಿಯು ತನ್ನ ಹಳೆಯ ಪಾತ್ರಕ್ಕೆ ಮರಳಿತು. ಮೇ 20ರಂದು ಜರ್ಮನ್ ಟ್ಯಾಂಕುಗಳು ಅಬ್‌ವಿಲ್ ಪಟ್ಟಣವನ್ನು ಹಿಡಿದು ಕಡಲನ್ನು ಮುಟ್ಟಿದವು; ಉತ್ತರದ ಮಿತ್ರಸೈನ್ಯಗಳು ಬೇರ್ಪಟ್ಟವು. ಫ್ರೆಂಚರು ಸೋಮ್ ನದಿಯನ್ನೇ ರಕ್ಷಣಾರೇಖೆಯಾಗಿ ಹಿಡಿದರು. ಜೂನ್ 5ರಂದು ಆರಂಭವಾದ ಜರ್ಮನ್ ಆಕ್ರಮಣವು ಆ ರೇಖೆಯನ್ನು ಭೇದಿಸಿತು. ನಿಜವಾದ ಅರ್ಥದಲ್ಲಿ 'ಸೋಮ್ ನದಿಯ ಕದನ' ಎನ್ನಬೇಕಾದುದು ಇದನ್ನು. ಆದರೆ ಹೆಸರು ಅಷ್ಟರಲ್ಲಿಯೇ ಬೇರೊಂದಕ್ಕೆ ಸಂದುಹೋಗಿತ್ತು.

ಎತ್ತರ ಮತ್ತು ಕಣಿವೆಗಳ ಈ ಭೇದವು ಸ್ಮಾರಕಗಳಲ್ಲಿಯೂ ತೋರುತ್ತದೆ. ದೆಹಲಿಯ ಇಂಡಿಯಾ ಗೇಟ್ ನಿರ್ಮಿಸಿದ ಎಡ್ವಿನ್ ಲಟ್ಯೆನ್ಸ್‌ನೇ ಯೋಜಿಸಿದ ಥಿಯೆಪ್ವಾಲ್ ಸ್ಮಾರಕ, 1932ರಲ್ಲಿ ಉದ್ಘಾಟನೆಗೊಂಡದ್ದು, ದಿಣ್ಣೆಯ ಮೇಲೆ ಹರದಾರಿಗಳಿಂದಲೂ ಕಾಣುವಂತೆ ನಿಂತಿದೆ. ದೇಹವೂ ದೊರೆಯದೆ ಹೋದ 72,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ಅದರಲ್ಲಿವೆ. ಕೆಳಗೆ, ಪೆರೋನ್ ಪಟ್ಟಣದ ಅಂಚಿನ ಲಾ ಶಾಪೆಲೆತ್‌ನಲ್ಲಿ ಭಾರತೀಯರ ಸಮಾಧಿಗಳಿರುವ ಚಿಕ್ಕ ರುದ್ರಭೂಮಿ. ನದೀಮುಖದ ನ್ವಾಯೆಲ್ ಬಳಿಯ ನೋಲೆತ್‌ನಲ್ಲಿ ಚೀನಾ ದೇಶದಿಂದ ಬಂದ 800ಕ್ಕೂ ಹೆಚ್ಚು ಕೂಲಿಗಳ ಸಮಾಧಿಗಳು. ಇವರಲ್ಲಿ ಬಹುಮಂದಿ ಗುಂಡಿಗೆ ಬಲಿಯಾದವರಲ್ಲ. ರೋಗಕ್ಕೆ, ಮುಖ್ಯವಾಗಿ ಯುದ್ಧಾಂತ್ಯದ ವಿಷಮಶೀತ ಜ್ವರಕ್ಕೆ ತುತ್ತಾದವರು. ಹೊರೆ ಹೊತ್ತವರು, ರಸ್ತೆ ಹಾಕಿದವರು, ಕಂದಕ ಮುಚ್ಚಿದವರು ಯುದ್ಧದ ವೃತ್ತಾಂತಗಳಲ್ಲಿ ವಿರಳವಾಗಿ ಕಾಣಿಸಿಕೊಳ್ಳುತ್ತಾರೆ. ಭಾರತದಿಂದಲೂ 1917ರಲ್ಲಿ ನಾಗಾ, ಲುಷಾಯಿ, ಸಂತಾಲ ಮೊದಲಾದ ಜನಾಂಗಗಳ ಕಾರ್ಮಿಕ ದಳಗಳು ಫ್ರಾನ್ಸಿಗೆ ಹೋಗಿದ್ದವೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಈಗ ಪೆರೋನ್‌ನಿಂದ ಸಾಂ ವಾಲೆರಿಯವರೆಗೆ, ಹಿಂದೆ ದೋಣಿಗಳನ್ನು ಎಳೆಯಲು ಬಳಸುತ್ತಿದ್ದ ದಂಡೆಯ ಹಾದಿಯನ್ನು ಬಹುಮಟ್ಟಿಗೆ ಅನುಸರಿಸಿ, ಸುಮಾರು 120 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವಿದೆ. ಏರುತಗ್ಗಿಲ್ಲದ ದಾರಿ, ಮೀನು ಹಿಡಿಯುವವರು, ಅಮಿಯಾಂ ಬಳಿಯ ಜಲತೋಟಗಳು. ಯುದ್ಧ ನಡೆದ ನೆಲವೆಂದು ಮೇಲ್ನೋಟಕ್ಕೆ ತೋರುವುದೇ ಇಲ್ಲ. ಯುದ್ಧವನ್ನು ಕಾಣಬಯಸುವ ಪ್ರವಾಸಿಯು ದಂಡೆಯನ್ನು ಬಿಟ್ಟು ಸೈಕಲನ್ನು ದಿಣ್ಣೆಯ ಕಡೆಗೆ ತಿರುಗಿಸಬೇಕಾಗುತ್ತದೆ. ಆ ಏರಿನಲ್ಲಿ ಆತನ ಕಾಲಿಗೆ ತಗಲುವ ಶ್ರಮವೇ ಒಂದು ಪಾಠ: ಫಿರಂಗಿಯ ಪ್ರತಿಯೊಂದು ಗುಂಡನ್ನೂ, ನೀರಿನ ಪ್ರತಿಯೊಂದು ಪೀಪಾಯಿಯನ್ನೂ ಈ ಏರಿನಲ್ಲಿಯೇ ಯಾರೋ ಸಾಗಿಸಿದ್ದರು.

ನಕಾಶೆಯನ್ನು ಮುಂದಿಟ್ಟುಕೊಂಡು, ನದಿ ಹರಿಯುವ ದಿಕ್ಕನ್ನೂ ಯುದ್ಧರೇಖೆಯ ದಿಕ್ಕನ್ನೂ ಒಟ್ಟಿಗೆ ಗುರುತಿಸಿ ಓದಿದರೆ ಸೋಮ್ ಕದನದ ಅರ್ಥ ಬದಲಾಗುತ್ತದೆ. ದಿಣ್ಣೆಯು ಮಡಿದವರನ್ನು ನೆನೆಯುತ್ತದೆ. ಕಣಿವೆಯು ದುಡಿದವರನ್ನು ಅಡಗಿಸಿಕೊಂಡಿದೆ. ಎರಡನ್ನೂ ಕೂಡಿಸಿ ಬರೆದಾಗ ಮಾತ್ರ ಆ ಚರಿತ್ರೆ ಪೂರ್ಣವಾದೀತು. ನಮ್ಮ ನಾಡಿನ ನದೀತೀರದ ಕದನಗಳನ್ನು ಅಭ್ಯಸಿಸುವವರಿಗೂ ಈ ಕ್ರಮ ಉಪಯುಕ್ತವಾಗುವುದೆಂದು ನಂಬಲಾಗಿದೆ.