ಕಂದು ಮುಖವನ್ನು ಓದುವ ವಿದ್ಯೆ

ಮೊಬೈಲ್ ಎದುರು ಮುಖ ಹಿಡಿದರೆ ‘ಎಣ್ಣೆ ಚರ್ಮ, ಟೈಪ್ 4’ ಎಂಬ ಉತ್ತರ ಬರುವ ಕಾಲವಿದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ನಮ್ಮ ಕನ್ನಡ ಮನೆಗಳ ಮಕ್ಕಳು ಆ ಉತ್ತರ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬರುತ್ತಾರೆ. ಜೊತೆಗೆ ಬಂದ ತಾಯಿಯ ಕೆನ್ನೆಯ ಬಂಗಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಚರ್ಮದ ಈ ವಿಂಗಡಣೆಗಳೆಲ್ಲ ಯಾತಕ್ಕಾಗಿ ಹುಟ್ಟಿದವೆಂಬುದು ಮರೆತುಹೋಗಿದೆ.

ಲಂಡನ್ನಿನ ವೈದ್ಯ ರಾಬರ್ಟ್ ವಿಲನ್ 1808ರ ಪುಸ್ತಕದಲ್ಲಿ ಚರ್ಮರೋಗಗಳನ್ನು ಗುಳ್ಳೆ, ಹೊಟ್ಟು, ಕಲೆಗಳ ರೂಪ ನೋಡಿ ವಿಂಗಡಿಸಿದ. ಆ ವ್ಯಾಕರಣ ಇಂದಿಗೂ ಚರ್ಮವೈದ್ಯರಾದ ನಮ್ಮದು. ಎಣ್ಣೆ, ಒಣ, ಮಿಶ್ರ ಎಂಬ ವಿಂಗಡಣೆ ಮನೆಮನೆಗೆ ಮುಟ್ಟಿದ್ದು ಸೌಂದರ್ಯವರ್ಧಕಗಳ ವ್ಯಾಪಾರದಿಂದ. 1963ರಲ್ಲಿ ಡಲ್ಲಾಸ್‌ನಲ್ಲೇ ಶುರುವಾದ ಮೇರಿ ಕೇ ಕಂಪನಿಯೂ ಆ ಪರಂಪರೆಯದೇ. ಆದರೆ ಎಣ್ಣೆ, ಒಣ ಎಂಬವೆಲ್ಲ ಹವೆಯೊಂದಿಗೆ ಬದಲಾಗುವ ಸ್ಥಿತಿಗಳು. ಆಗಸ್ಟಿನ ಹ್ಯೂಸ್ಟನ್ ಸೆಕೆಯಲ್ಲಿ ಜಿಡ್ಡುಗಟ್ಟುವ ಹಣೆ, ಜನವರಿಯ ಡಲ್ಲಾಸ್ ಹೀಟರ್ ಗಾಳಿಗೆ ಬಿರಿಯುತ್ತದೆ.

‘ಟೈಪ್ 4’ರ ಮೂಲ ಬೇರೆ. 1975ರಲ್ಲಿ ಬಾಸ್ಟನ್‌ನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಸೋರಿಯಾಸಿಸ್‌ಗೆ ಕೊಡುವ ಅತಿನೇರಳೆ ಬೆಳಕಿನ ಪ್ರಮಾಣ ನಿರ್ಧರಿಸಲು, ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂದು ಬಿಳಿಯರನ್ನು ಕೇಳಿ ನಾಲ್ಕು ಬಗೆ ಮಾಡಿದ. ಕಂದು, ಕಪ್ಪು ಚರ್ಮಗಳಿಗೆ 5 ಮತ್ತು 6 ಸೇರಿದ್ದು ಆಮೇಲೆ. ಅದನ್ನು ಜನಾಂಗದ ಗುರುತಿನಂತೆ ಓದುವುದು ತಪ್ಪು ಓದು.

ಕಂದು ಮುಖವನ್ನೇ ನಡುವೆ ಇಟ್ಟುಕೊಂಡು ಕಲಿತದ್ದು ನಮ್ಮ ತಲೆಮಾರು. ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್‌ನಲ್ಲಿ ಚರ್ಮವೈದ್ಯ ಅಮಿತ್ ಪಾಂಡ್ಯ ಮತ್ತು ಸಂಗಡಿಗರು 2011ರಲ್ಲಿ ಬಂಗನ್ನು ಅಳೆಯುವ ಕ್ರಮವನ್ನು ಪರೀಕ್ಷಿಸಿ ಸರಳಗೊಳಿಸಿದರು. ಹಣೆ, ಎರಡು ಕೆನ್ನೆ, ಗಲ್ಲ ಎಂದು ಮುಖವನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದರಲ್ಲಿ ಕಲೆ ಎಷ್ಟು ಹರಡಿದೆ, ಎಷ್ಟು ಗಾಢ ಎಂದು ನೋಡಿ ಒಟ್ಟು 24ರೊಳಗೆ ಅಂಕ ಕೊಡುತ್ತಾರೆ. ‘ಸ್ವಲ್ಪ ಕಡಿಮೆಯಾದಂತಿದೆ’ ಎಂಬ ಮಾತಿನ ಜಾಗದಲ್ಲಿ ಒಂದು ಅಳತೆ ನಿಂತಿತು. ಟೆಕ್ಸಾಸ್ ನಮ್ಮ ವಿದ್ಯೆಗೆ ಕೊಟ್ಟದ್ದರಲ್ಲಿ ನಾನು ಅತಿ ಹೆಚ್ಚು ಬೆಲೆ ಕಟ್ಟುವುದು ಇದಕ್ಕೇ.

ಕಣ್ಣೊಂದೇ ಸಾಲದೆಂಬುದೂ ಈ ಹಾದಿಯ ಪಾಠ. ರೊಸೇಶಿಯಾ ರೋಗದ ಕೆಂಪು ಛಾಯೆ ಕಂದು ಬಣ್ಣದಡಿ ಅಡಗಿಬಿಡುತ್ತದೆ. ಉರಿ, ಚುಚ್ಚುವಿಕೆ, ಬಿಸಿಯೇರುವಿಕೆ ಉಂಟೇ ಎಂದು ಕೇಳಬೇಕು, ಕೈಯಿಟ್ಟು ನೋಡಬೇಕು. ಹಣೆಯ ಪಕ್ಕ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಕಂಡರೆ ಕ್ರೀಮಿಗಿಂತ ಮೊದಲು ಸಕ್ಕರೆಯ ಪರೀಕ್ಷೆ ಬರೆಯುತ್ತೇನೆ, ಇನ್ಸುಲಿನ್ ಪ್ರತಿರೋಧದ ಸುಳಿವು ಅದು. ಇನ್ನೊಂದು, ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ಸ್ಟೆರಾಯ್ಡ್ ಬೆರೆತ ಮುಲಾಮು. ಅದು ಮೊದಲು ಬೆಳ್ಳಗೆ ಮಾಡಿ, ನಿಲ್ಲಿಸಿದೊಡನೆ ಕೆಂಪು, ಉರಿ, ಮೊಡವೆ ತರುತ್ತದೆ. ಹಾಗೆ ಕೆಟ್ಟ ಮುಖವನ್ನು ಗುರುತಿಸಿ ಹೆಸರಿಟ್ಟವರು ಕೋಲ್ಕತ್ತದ ಚರ್ಮವೈದ್ಯರಾದ ಕೌಶಿಕ್ ಲಾಹಿರಿ, ಅರಿಜಿತ್ ಕುಂಡು. ಇಲ್ಲಿನ ಕ್ಲಿನಿಕ್ಕುಗಳ ಅರ್ಜಿಗಳಲ್ಲಿ ಅಂಥ ಮುಲಾಮಿನ ಬಗ್ಗೆ ಕೇಳುವ ಸಾಲನ್ನು ನಾನು ಕಂಡಿಲ್ಲ.

ಚರ್ಮವನ್ನು ಓದುವ ಈಗಿನ ಯಂತ್ರಗಳ ವಿಷಯಕ್ಕೆ ಬಂದರೆ, ಆಸ್ಟಿನ್‌ನ ಡೆಲ್ ಮೆಡಿಕಲ್ ಸ್ಕೂಲಿನ ಅಡೆವೋಲೆ ಆಡಮ್‌ಸನ್ 2018ರಲ್ಲೇ ಸಹಲೇಖಕರೊಡನೆ ಎಚ್ಚರಿಸಿದ್ದರು: ಯಂತ್ರಕ್ಕೆ ಕಲಿಸುವ ಚಿತ್ರಗಳು ಬಹುಪಾಲು ಬಿಳಿ ಚರ್ಮದವಾದರೆ, ಕಂದು ಚರ್ಮದ ರೋಗ ತಪ್ಪಿಹೋಗುತ್ತದೆ. ಎಚ್ಚರಿಕೆಯನ್ನು ಉಲ್ಲೇಖಿಸಿದವರು ಬಹಳ, ಕಂದು ಚರ್ಮದ ಚಿತ್ರಗಳನ್ನು ಕೂಡಿಸಿದವರು ಕಡಿಮೆ.

ನಾನು ಕಂಡ ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜುಗಳಿರುತ್ತವೆ. ಶುಗರ್ ಮೇಜಿನ ಪಕ್ಕದಲ್ಲೇ ಕತ್ತು, ಹಣೆಯ ಪಕ್ಕದ ಕಪ್ಪನ್ನು ನೋಡಿ, ಹಚ್ಚುವ ಮುಲಾಮಿನ ಹೆಸರು ಬರೆದುಕೊಂಡು, ಒಪ್ಪಿದವರ ಮುಖಗಳ ಚಿತ್ರ ತೆಗೆಯುವವರೊಬ್ಬರು ಕೂತರೆ, ಯಂತ್ರಗಳಿಗೆ ಬೇಕಾದ ಆ ಚಿತ್ರಗಳೂ ಕೂಡಿಬರುತ್ತವೆ.