ಮನೆ ಮಾರುವ ಮುಂಚೆ ಯಾವ ರಿಪೇರಿಗೆ ದುಡ್ಡು ಹಾಕಬೇಕು?

ಮನೆ ಮಾರೋಕೆ ಹೊರಟವರು ಮೊದಲು ಕೈಹಾಕೋದು ಹೊಸ ಟೈಲ್ಸ್‌ಗೆ, ಮಾಡ್ಯುಲರ್ ಕಿಚನ್‌ಗೆ. ಆ ದುಡ್ಡು ಪೂರ್ತಿ ವಾಪಸ್ ಬರೋದು ಅಪರೂಪ. ಕೊಳ್ಳುವವರು ತಮಗೆ ಬೇಕಾದಂತೆ ಒಡೆದು ಮಾಡಿಸಿಕೊಳ್ಳುತ್ತಾರೆ.

ಮೊದಲು ತಾರಸಿ ನೋಡಿ. ಗೋಡೆಯಲ್ಲಿ ತೇವದ ಕಲೆ ಕಂಡರೆ ಸಾಕು, ರೇಟು ಇಳಿಸಿ ಕೇಳ್ತಾರೆ. ಸೋರಿಕೆ ಬಿಟ್ಟು ಬಣ್ಣ ಹೊಡೆಸಿದರೆ ಒಂದೇ ಮಳೆಗೆ ಬಣ್ಣ ಬಯಲು! ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಸುಣ್ಣಬಣ್ಣ. ನಲ್ಲಿ, ಸ್ವಿಚ್, ಚಿಲಕ ಸಣ್ಣ ಖರ್ಚು, ಮಾಡಿಸಿಬಿಡಿ.

ಗೋಡೆಗಿಂತ ಕಾಗದಪತ್ರದ ರಿಪೇರಿ ದೊಡ್ಡದು. ಹಳ್ಳಿ ಮನೆಗೆ ಇ-ಸ್ವತ್ತು, ಪಟ್ಟಣದ ಮನೆಗೆ ಇ-ಖಾತೆ ಬೇಕು. ಇಸಿ ತೆಗೆಸಿ, ಸಾಲ ತೀರಿದ್ದರೂ ಅಡಮಾನ ಅದರಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕ್ ಲೋನ್ ಮೇಲೆ ಕೊಳ್ಳುವವರು ಹಿಂದೆ ಸರಿಯುತ್ತಾರೆ.

ಹಿಂದೆ ಹೆಚ್ಚುವರಿ ಕೋಣೆ ಕಟ್ಟಿಸಿದ್ದರೆ ಬಿಲ್ ಬಿಸಾಡಬೇಡಿ. ಮಾರಾಟದ ಲಾಭದ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಕಳೆಯಬಹುದು, ಬಣ್ಣದ ಖರ್ಚು ಸಾಮಾನ್ಯವಾಗಿ ಕಳೆಯಲಾಗದು.