ಹಳೆಯ ಪೆಟ್ಟಿಗೆಯ ದನಿ, ಹೊಸ ಗಣಕದ ಲೆಕ್ಕ



ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣಕಾರರ ಮುಂದೆ ನಿಲ್ಲಿಸುವ ಮೈಕನ್ನು ನೀವೆಲ್ಲ ನೋಡಿದ್ದೀರಿ. ಅದರಿಂದ ಹೊರಡುವ ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ಒತ್ತಡ 1.5 ವೋಲ್ಟ್. ಮೈಕಿನ ಸಮೀಪ ನಿಂತು ಗಟ್ಟಿಯಾಗಿ ಮಾತನಾಡಿದರೆ ಅದರಲ್ಲಿ ಹುಟ್ಟುವುದು ಒಂದೆರಡು ಮಿಲಿವೋಲ್ಟ್ ಮಾತ್ರ. ಅಂದರೆ ಸೆಲ್ಲಿನ ಸುಮಾರು ಸಾವಿರದಲ್ಲೊಂದು ಪಾಲು. ಇಷ್ಟು ಕ್ಷೀಣವಾದ ವಿದ್ಯುತ್ತಿನಿಂದ ಧ್ವನಿಮುದ್ರಣ ಯಂತ್ರವನ್ನು ನಡೆಸಲು ಆಗದು. ಅದನ್ನು ಮೊದಲು ಸಾವಿರ ಪಟ್ಟು, ಅಂದರೆ 60 ಡೆಸಿಬೆಲ್‌ನಷ್ಟು, ಹಿಗ್ಗಿಸಬೇಕು. ಈ ಕೆಲಸ ಮಾಡುವ ಪುಟ್ಟ ಪೆಟ್ಟಿಗೆಗೆ ಪ್ರೀಆಂಪ್ಲಿಫೈಯರ್ ಎಂದು ಹೆಸರು. ಸ್ಟುಡಿಯೋದವರು ಅದನ್ನು ಪ್ರೀಆಂಪ್ ಎಂದೇ ಕರೆಯುತ್ತಾರೆ.

ಹಿಗ್ಗಿಸುವುದಷ್ಟೇ ಅದರ ಕೆಲಸವಾಗಿದ್ದರೆ ಅದಕ್ಕೊಂದು ಚರಿತ್ರೆ ಇರುತ್ತಿರಲಿಲ್ಲ. ಆದರೆ ಅರ್ಧ ಶತಮಾನಕ್ಕೂ ಹಿಂದೆ ತಯಾರಾದ ಕೆಲವು ಪ್ರೀಆಂಪ್‌ಗಳನ್ನು ಇಂದಿನ ಧ್ವನಿಮುದ್ರಣಕಾರರು ಹುಡುಕಿಕೊಂಡು ಹೋಗುತ್ತಾರೆ. ಅವು ಸಿಗದಿದ್ದಾಗ ಅವುಗಳಂತೆಯೇ ವರ್ತಿಸುವ ತಂತ್ರಾಂಶವನ್ನು ಗಣಕದಲ್ಲಿ ಬಳಸುತ್ತಾರೆ. ಹಳೆಯ ಯಂತ್ರದ ಗುಣವನ್ನು, ಅದರ ದೋಷವನ್ನೂ ಕೂಡ, ಲೆಕ್ಕ ಹಾಕಿ ಮರಳಿ ತರುವ ಈ ಪ್ರಯತ್ನ ಏಕೆ ಬಂತು? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಕಹಳೆಯಿಂದ ವಾಲ್ವಿಗೆ

1877ರಲ್ಲಿ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದಾಗ ಅದರಲ್ಲಿ ವಿದ್ಯುತ್ತಿನ ಸೋಂಕೇ ಇರಲಿಲ್ಲ. ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಗೀರು ಮೂಡಿಸುತ್ತಿತ್ತು. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗಲೂ ರೀತಿ ಇದೇ ಆಗಿತ್ತು. ಗಾಯಕಿ ಕಹಳೆಯಂಥ ಕೊಳವೆಯ ಬಾಯಿಗೆ ಮುಖವೊಡ್ಡಿ, ಗಂಟಲೆತ್ತಿ, ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕಿತ್ತು. ಮೆಲುದನಿಗೆ ಅಲ್ಲಿ ಸ್ಥಾನವಿರಲಿಲ್ಲ.

ಬದಲಾವಣೆ ಬಂದದ್ದು ದೂರವಾಣಿಯ ದಾರಿಯಿಂದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದ್ವಾರಗಳ ಗಾಜಿನ ನಳಿಕೆಯನ್ನು ರೂಪಿಸಿದರು. ಇದೇ ಮುಂದೆ ವಾಲ್ವ್ ಎಂದು ಹೆಸರಾಯಿತು. ಒಂದು ವಿದ್ಯುದ್ವಾರಕ್ಕೆ ಕೊಟ್ಟ ಸಣ್ಣ ವಿದ್ಯುತ್ತು ಇನ್ನೊಂದರಲ್ಲಿ ಹರಿಯುವ ದೊಡ್ಡ ವಿದ್ಯುತ್ತನ್ನು ಹತೋಟಿಯಲ್ಲಿಡುತ್ತದೆ. ಕಾಲುವೆಯ ತೂಬನ್ನು ಒಬ್ಬ ನೀರುಗಂಟಿ ಒಂದಿಷ್ಟು ಎತ್ತಿ ಇಳಿಸಿ ಇಡೀ ಗದ್ದೆಬಯಲಿನ ನೀರನ್ನು ಆಳುವಂತೆ. ಈ ವಾಲ್ವುಗಳ ನೆರವಿನಿಂದಲೇ 1915ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ನಡುವೆ ದೂರವಾಣಿಯ ಮಾತು ಸಾಧ್ಯವಾಯಿತು. ಮರುವರ್ಷ ಇ. ಸಿ. ವೆಂಟೆ ಕಂಡೆನ್ಸರ್ ಮೈಕನ್ನು ಸಿದ್ಧಪಡಿಸಿದರು. ಮೈಕು ಮತ್ತು ವಾಲ್ವ್ ಜೊತೆಗೂಡಿದ ಮೇಲೆ, 1925ರಲ್ಲಿ, ಅಮೆರಿಕದ ದೊಡ್ಡ ಕಂಪನಿಗಳು ಕಹಳೆಯನ್ನು ಬಿಟ್ಟು ವಿದ್ಯುತ್ ಧ್ವನಿಮುದ್ರಣವನ್ನು ಆರಂಭಿಸಿದವು. ಪಿಸುಮಾತನ್ನೂ ಮುದ್ರಿಸುವುದು ಅಂದಿನಿಂದ ಸಾಧ್ಯವಾಯಿತು.

ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಹೊತ್ತಿಗೆ ಲೋಕದ ಎಲ್ಲ ಬಾನುಲಿ ಕೇಂದ್ರಗಳಲ್ಲಿಯೂ ಮೈಕಿನ ಹಿಂದೆ ಒಂದು ವರ್ಧಕ ಕುಳಿತಿತ್ತು. ಕೇಳುಗರಿಗೆ ಅದು ಕಾಣಿಸದು. ಆದರೆ ಅವರು ಕೇಳಿದ ಪ್ರತಿಯೊಂದು ದನಿಯೂ ಅದರ ಮೂಲಕವೇ ಹಾದು ಬರುತ್ತಿತ್ತು.

ಎರಡು ಹೆಸರಾಂತ ಪೆಟ್ಟಿಗೆಗಳು

ಅಮೆರಿಕದ ಬಿಲ್ ಪಟ್ನಮ್ ಈ ಕಥೆಯ ಒಬ್ಬ ಮುಖ್ಯ ಪಾತ್ರಧಾರಿ. 1946ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸ್ಟುಡಿಯೋ ತೆರೆದ ಅವರು, ಮರುವರ್ಷ ಒಂದು ಹಾರ್ಮೋನಿಕಾ ತಂಡದ ಸಂಗೀತಕ್ಕೆ ಸ್ನಾನದ ಮನೆಯ ಗೋಡೆಗಳ ಮಾರ್ದನಿಯನ್ನು ಬೆರೆಸಿ ಹೆಸರು ಮಾಡಿದರು. ಬಳಿಕ ಹಾಲಿವುಡ್‌ಗೆ ಬಂದು 1958ರಲ್ಲಿ ಯೂನಿವರ್ಸಲ್ ಆಡಿಯೊ ಸಂಸ್ಥೆಯನ್ನು ಸ್ಥಾಪಿಸಿದರು. 1960ರ ಸುಮಾರಿಗೆ ಅವರು ರೂಪಿಸಿದ 610 ಎಂಬ ವಾಲ್ವ್ ಪ್ರೀಆಂಪ್‌ನ ಹೆಚ್ಚುಗಾರಿಕೆ ಎಂದರೆ, ಅದು ಬೇರೆಬೇರೆ ಬಿಡಿಪೆಟ್ಟಿಗೆಗಳಾಗಿ ಇದ್ದದ್ದು. ಒಂದು ಕೆಟ್ಟರೆ ಅದನ್ನಷ್ಟೇ ಕಳಚಿ ಇನ್ನೊಂದನ್ನು ಕೂಡಿಸಬಹುದಿತ್ತು; ಕೆಲಸ ನಿಲ್ಲುತ್ತಿರಲಿಲ್ಲ.

ಇನ್ನೊಬ್ಬರು ಇಂಗ್ಲೆಂಡಿನಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದ ರೂಪರ್ಟ್ ನೀವ್. 1960ರ ದಶಕದಲ್ಲಿ ವಾಲ್ವಿನ ಸ್ಥಾನಕ್ಕೆ ಟ್ರಾನ್ಸಿಸ್ಟರ್ ಬರುತ್ತಿದ್ದ ಕಾಲದಲ್ಲಿ ಅವರು ಸ್ಟುಡಿಯೋ ಉಪಕರಣಗಳನ್ನು ರೂಪಿಸಿದರು. 1970ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋಕ್ಕಾಗಿ ಕಟ್ಟಿದ ಮೇಜಿನಲ್ಲಿ ಅವರ 1073 ಎಂಬ ಪ್ರೀಆಂಪ್ ಮೊದಲು ಕಾಣಿಸಿಕೊಂಡಿತು. ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್, ನಡುವೆ ಬಿಡಿ ಟ್ರಾನ್ಸಿಸ್ಟರುಗಳು. ದೀರ್ಘಕಾಲ ಬಾಳಿದ ನೀವ್ 2021ರ ಫೆಬ್ರವರಿಯಲ್ಲಿ ನಿಧನರಾದರು.

ದೋಷವೇ ಗುಣವಾದ ಬಗೆ

ಆ ಕಾಲದ ಎಂಜಿನಿಯರುಗಳ ಗುರಿ ಬಣ್ಣ ಬಳಿಯುವುದಾಗಿರಲಿಲ್ಲ; ಬಂದ ದನಿಯನ್ನು ಬಂದಂತೆಯೇ ದಾಟಿಸುವುದಾಗಿತ್ತು ಎಂಬುದನ್ನು ಗಮನಿಸಿ. ಆದರೆ ವಾಲ್ವಾಗಲಿ ಟ್ರಾನ್ಸ್‌ಫಾರ್ಮರ್ ಆಗಲಿ ಪೂರ್ಣ ಪ್ರಾಮಾಣಿಕವಲ್ಲ. ವಿದ್ಯುತ್ತು ಹೆಚ್ಚಿದಂತೆ ಅವು ಅಲೆಯ ಆಕಾರವನ್ನು ಸ್ವಲ್ಪ ಬಾಗಿಸುತ್ತವೆ. ಬಾಗಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದಿದ್ದ ಹೊಸ ಸ್ವರಾಂಶಗಳು ಸೇರಿಕೊಳ್ಳುತ್ತವೆ.

ಸಂಗೀತ ಕಲಿಯುತ್ತಿರುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಿಮ್ಮ ಷಡ್ಜ ಸೆಕೆಂಡಿಗೆ 240 ಕಂಪನಗಳದ್ದು ಎಂದುಕೊಳ್ಳಿ. ಎರಡನೆಯ ಅಂಶ 480. ಅದು ತಾರಸ್ಥಾಯಿಯ ಷಡ್ಜ. ಮೂರನೆಯದು 720, ಅದು ತಾರಸ್ಥಾಯಿಯ ಪಂಚಮ. ತಂಬೂರಿಯ ಒಂದೇ ತಂತಿಯನ್ನು ಮೀಟಿದಾಗ ಕಿವಿಗೊಟ್ಟು ಕೇಳಿದರೆ ಇವೇ ಸ್ವರಗಳು ಅದರೊಳಗೆ ಕೇಳಿಬರುತ್ತವೆ. ಹೀಗಾಗಿ ವರ್ಧಕವು ಹಿತಮಿತವಾಗಿ ಬೆರೆಸಿದ ಈ ಅಂಶಗಳನ್ನು ಕಿವಿ ತಪ್ಪೆಂದು ಎಣಿಸುವುದಿಲ್ಲ. ದನಿ ತುಂಬಿಕೊಂಡಿದೆ ಎಂದು ಭಾವಿಸುತ್ತದೆ.

ಕೆಲವರು ಈ ಬಾಗುವಿಕೆಯನ್ನು ಬೇಕೆಂದೇ ಹೆಚ್ಚಿಸಿದರು. 1968ರಲ್ಲಿ ಬೀಟಲ್ಸ್ ತಂಡ ‘ರೆವಲ್ಯೂಷನ್’ ಹಾಡನ್ನು ಮುದ್ರಿಸುವಾಗ ಗಿಟಾರನ್ನು ನೇರವಾಗಿ ಸ್ಟುಡಿಯೋ ಮೇಜಿಗೆ ಜೋಡಿಸಿ, ಒಂದರ ಹಿಂದೆ ಒಂದರಂತೆ ಎರಡು ವಾಲ್ವ್ ಪ್ರೀಆಂಪ್‌ಗಳನ್ನು ಅವುಗಳ ಮಿತಿಯಾಚೆಗೆ ದುಡಿಸಲಾಯಿತು. ಸ್ಟುಡಿಯೋದ ನಿಯಮದ ಪ್ರಕಾರ ಅದು ತಪ್ಪು ಬಳಕೆ. ಆ ತಪ್ಪಿನಿಂದಲೇ ಹಾಡಿನ ಕರ್ಕಶವಾದ ಕೆಚ್ಚು ಹುಟ್ಟಿತು. ಮರುವರ್ಷದ ‘ಆಬಿ ರೋಡ್’ ಸಂಪುಟವನ್ನು ಅದೇ ಸ್ಟುಡಿಯೋದ ಹೊಸ ಟ್ರಾನ್ಸಿಸ್ಟರ್ ಮೇಜಿನಲ್ಲಿ ಮುದ್ರಿಸಿದರು. ಎರಡನ್ನೂ ಕೇಳಿ ನೋಡಿ. ಯಂತ್ರ ಬದಲಾದದ್ದು ನಿಮ್ಮ ಕಿವಿಗೂ ತಿಳಿದೀತು.

ಅಂಕಿಗಳ ಕಾಲ

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂತು. ಅದರಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಾಗಿ ಬರೆದಿಡುತ್ತಾರೆ. ಈಗ ಸ್ಟುಡಿಯೋಗಳಲ್ಲಿ ಬಳಸುವ 24 ಬಿಟ್ ಪದ್ಧತಿಯಲ್ಲಿ ಮೆಟ್ಟಿಲುಗಳ ಸಂಖ್ಯೆ 1,67,77,216. ಎಂಜಿನಿಯರುಗಳು ಒಂದು ಶತಮಾನ ಕಾಲ ಬಯಸಿದ್ದ ಶುದ್ಧತೆ ಕೈಗೆ ಬಂತು. ಆದರೆ ಈ ಏಣಿಗೆ ಕೊನೆಯ ಮೆಟ್ಟಿಲೊಂದಿದೆ. ದನಿ ಅದನ್ನು ಮೀರಿದರೆ ಅಲೆಯ ತಲೆ ಕತ್ತರಿಸಿದಂತೆ ಸಪಾಟಾಗುತ್ತದೆ. ವಾಲ್ವಿನಂತೆ ಮೆಲ್ಲಗೆ ಬಾಗುವ ಸ್ವಭಾವ ಅಂಕಿಗಳಿಗಿಲ್ಲ. ಹಳೆಯ ಪೆಟ್ಟಿಗೆಗಳ ನೆನಪು ಬಂದದ್ದು ಆಗಲೇ.

ಅವುಗಳನ್ನು ಗಣಕದಲ್ಲಿ ಮರುಸೃಷ್ಟಿಸುವುದು ಹೇಗೆ? ಒಂದು ದಾರಿಯಲ್ಲಿ ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ. ಗೊತ್ತಿರುವ ದನಿಯನ್ನು ಒಳಗೆ ಕಳುಹಿಸಿ ಹೊರಬಂದದ್ದರೊಡನೆ ಹೋಲಿಸಿ ಅದರ ನಡತೆಯನ್ನು ಊಹಿಸುತ್ತಾರೆ. ಇನ್ನೊಂದರಲ್ಲಿ ವಿದ್ಯುನ್ಮಂಡಲದ ನಕ್ಷೆಯನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ರೆಸಿಸ್ಟರ್, ಕೆಪಾಸಿಟರ್, ವಾಲ್ವ್ ಮತ್ತು ಟ್ರಾನ್ಸ್‌ಫಾರ್ಮರಿಗೂ ಸಮೀಕರಣ ಬರೆಯುತ್ತಾರೆ. ನೀವು ಕಲಿತಿರುವ ಓಮ್ ಮತ್ತು ಕಿರ್ಚಾಫ್ ನಿಯಮಗಳೇ ಇದಕ್ಕೆ ತಳಹದಿ. ಮಂಡಲಗಳನ್ನು ಹೀಗೆ ಲೆಕ್ಕದಲ್ಲೇ ಪರೀಕ್ಷಿಸುವ ‘ಸ್ಪೈಸ್’ ಎಂಬ ತಂತ್ರಾಂಶ 1973ರಷ್ಟು ಹಿಂದೆಯೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ ಹೊರಬಂದಿತ್ತು. ಆದರೆ ಅದಕ್ಕೆ ಅವಸರವಿರಲಿಲ್ಲ. ಗಾಯಕರು ಹಾಡುತ್ತಿರುವಾಗಲೇ ಉತ್ತರ ಬೇಕೆಂದರೆ, ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಸಿಗುವ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಕಾಲದೊಳಗೆ ಲೆಕ್ಕ ಮುಗಿಯಬೇಕು. ಗಣಕಗಳ ವೇಗ ಸಾಕಷ್ಟು ಹೆಚ್ಚುವವರೆಗೆ ಇದು ಕನಸಾಗಿಯೇ ಇತ್ತು.

ಇನ್ನೊಂದು ತೊಡಕೂ ಇದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿದ್ದೀರಲ್ಲವೇ? ಅದೇ ರೀತಿ, ಲೆಕ್ಕದ ವಾಲ್ವ್ ಹುಟ್ಟಿಸುವ ಸ್ವರಾಂಶಗಳು ಅಳತೆಯ ವೇಗದ ಅರ್ಧವನ್ನು ಮೀರಿದರೆ, ಅವು ಸುಳ್ಳು ಸ್ವರಗಳಾಗಿ ಕೆಳಕ್ಕೆ ಮಡಚಿಕೊಂಡು ಅಪಶ್ರುತಿಯಾಗುತ್ತವೆ. ಇದನ್ನು ತಪ್ಪಿಸಲು ತಂತ್ರಾಂಶವು ಒಳಗೆ ಹಲವು ಪಟ್ಟು ಹೆಚ್ಚು ವೇಗದಲ್ಲಿ ಲೆಕ್ಕ ಮಾಡಿ, ಹೆಚ್ಚುವರಿ ಅಂಶವನ್ನು ಸೋಸಿ ಹೊರಗೆ ಬಿಡುತ್ತದೆ.

ಪಟ್ನಮ್ 1989ರಲ್ಲಿ ತೀರಿಕೊಂಡಿದ್ದರು. 1999ರಲ್ಲಿ ಅವರ ಮಕ್ಕಳು ಯೂನಿವರ್ಸಲ್ ಆಡಿಯೊ ಹೆಸರಿನಲ್ಲಿ ಸಂಸ್ಥೆಯನ್ನು ಮತ್ತೆ ಆರಂಭಿಸಿ, ಹಳೆಯ ಉಪಕರಣಗಳ ಜೊತೆಗೆ ಅವುಗಳ ತಂತ್ರಾಂಶ ರೂಪಗಳನ್ನೂ ತಯಾರಿಸತೊಡಗಿದರು. 2014ರಲ್ಲಿ ಆ ಸಂಸ್ಥೆ ‘ಯೂನಿಸನ್’ ಎಂಬ ವಿಧಾನವನ್ನು ತಂದಿತು. ಮೈಕು ಮತ್ತು ಪ್ರೀಆಂಪ್ ಪರಸ್ಪರ ಪ್ರಭಾವ ಬೀರುತ್ತವೆ. ಬಂಡಿಯ ಭಾರ ಬದಲಾದರೆ ಎತ್ತಿನ ನಡಿಗೆಯೂ ಬದಲಾಗುವಂತೆ, ಪ್ರೀಆಂಪ್‌ನ ಒಳತಡೆ ಬದಲಾದರೆ ಮೈಕಿನ ದನಿಯೂ ಬದಲಾಗಬಹುದು. ನೀವ್ ಅವರ 1073ರಲ್ಲಿ 300 ಮತ್ತು 1200 ಓಮ್ ಎಂಬ ಎರಡು ಆಯ್ಕೆಗಳಿದ್ದವು. ಈ ಪ್ರಭಾವ ಮೈಕಿನಲ್ಲೇ ಆಗುವುದರಿಂದ ಅಂಕಿಗಳಾದ ಮೇಲೆ ಅದನ್ನು ಪೂರ್ತಿಯಾಗಿ ತರಲಾಗದು. ಆದ್ದರಿಂದ ತಂತ್ರಾಂಶದ ಆಜ್ಞೆಯಂತೆ ಯಂತ್ರದೊಳಗಿನ ನಿಜವಾದ ತಡೆಯೇ ಬದಲಾಗುವಂತೆ ಏರ್ಪಾಡು ಮಾಡಿದರು.

ಯಾವುದು ಮೂಲ?

ಹಾಗಾದರೆ ಇದು ಹಳೆಯ ಪೆಟ್ಟಿಗೆಯೇ ಎನ್ನಬಹುದೇ? ಇಲ್ಲಿ ಚರಿತ್ರೆಯ ವಿದ್ಯಾರ್ಥಿ ಎಚ್ಚರದಿಂದಿರಬೇಕು. ಹಳಗನ್ನಡ ಕಾವ್ಯವೊಂದರ ಓಲೆಗರಿ ಪ್ರತಿಗಳಲ್ಲಿ ಪಾಠಾಂತರಗಳಿರುವಂತೆ, ಐವತ್ತು ವರ್ಷ ದುಡಿದ ಎರಡು 1073ಗಳೂ ಒಂದೇ ಆಗಿ ಉಳಿದಿರುವುದಿಲ್ಲ. ಕೆಪಾಸಿಟರುಗಳು ಒಣಗುತ್ತವೆ, ಬಿಡಿಭಾಗಗಳು ಬದಲಾಗಿರುತ್ತವೆ. ತಂತ್ರಾಂಶ ಬರೆದವರು ಅವುಗಳಲ್ಲಿ ಒಂದನ್ನು ಆರಿಸಿ ಮಾದರಿಯಾಗಿ ಇಟ್ಟುಕೊಂಡಿರುತ್ತಾರೆ. ಅಂದರೆ ನಾವು ಕೇಳುವುದು ಒಂದು ಪ್ರತಿಯ ಪಾಠವನ್ನು. ಒಳ್ಳೆಯ ಸಂಪಾದಕರ ಕೆಲಸದಂತೆ ಅದು ಗೌರವಕ್ಕೆ ಅರ್ಹವಾದದ್ದೇ. ಆದರೆ ಅದೇ ಕವಿಯ ಹಸ್ತಾಕ್ಷರವಲ್ಲ.

ಈ ಮಾತು ನಿಮಗೆ ಏಕೆ ಮುಖ್ಯ? ನಿಮ್ಮಲ್ಲಿ ಅನೇಕರು ಇಂದು ಮನೆಯಲ್ಲೇ ಧ್ವನಿಮುದ್ರಣ ಮಾಡಬಲ್ಲಿರಿ. ಬೀಸುವ ಪದ, ಸೋಬಾನೆ ಪದ ಬಲ್ಲ ಅಜ್ಜಿಯೊಬ್ಬರು ನಿಮ್ಮ ಊರಿನಲ್ಲಿದ್ದು, ಅವರ ದನಿಯನ್ನು ಮುದ್ರಿಸುವ ಅವಕಾಶ ನಿಮಗೆ ಸಿಕ್ಕಿತು ಎಂದುಕೊಳ್ಳಿ. ಹಳೆಯ ಪ್ರೀಆಂಪ್‌ನ ಬಣ್ಣವನ್ನು ಮುದ್ರಣದ ಹೊತ್ತಿನಲ್ಲೇ ಸೇರಿಸಿಬಿಟ್ಟರೆ ಅದನ್ನು ಮುಂದೆ ತೆಗೆಯಲಾಗದು. ಹಾಲಿಗೆ ಬಿದ್ದ ಸಕ್ಕರೆಯಂತೆ ಅದು ಕರಗಿಹೋಗಿರುತ್ತದೆ. ಐವತ್ತು ವರ್ಷಗಳ ನಂತರ ಆ ಹಾಡನ್ನು ಅಭ್ಯಸಿಸುವವರಿಗೆ ಅಜ್ಜಿಯ ಕಂಠ ಯಾವುದು, ಪೆಟ್ಟಿಗೆಯ ಕಂಠ ಯಾವುದು ಎಂದು ತಿಳಿಯುವುದೇ ಇಲ್ಲ.

ಆದುದರಿಂದ ಮೊದಲು ಬಣ್ಣವಿಲ್ಲದ ಶುದ್ಧ ಪ್ರತಿಯನ್ನು ಮುದ್ರಿಸಿಕೊಳ್ಳಿ. ಅತಿ ಗಟ್ಟಿಯಾದ ಜಾಗದಲ್ಲೂ ದನಿಯು ಗರಿಷ್ಠ ಮಿತಿಗಿಂತ 10-12 ಡೆಸಿಬೆಲ್ ಕೆಳಗೇ ಇರಲಿ. 24 ಬಿಟ್ ಪದ್ಧತಿಯಲ್ಲಿ ಇದರಿಂದ ನಷ್ಟವಿಲ್ಲ. ಊರು, ದಿನಾಂಕ, ಬಳಸಿದ ಉಪಕರಣಗಳನ್ನು ಬರೆದಿಡಿ. ಆ ಪ್ರತಿಯನ್ನು ಮುಟ್ಟದೆ ಕಾದಿಟ್ಟು, ಅದರ ನಕಲಿನ ಮೇಲೆ 610 ಆಗಲಿ 1073 ಆಗಲಿ ನಿಮಗಿಷ್ಟವಾದುದನ್ನು ಪ್ರಯೋಗಿಸಿ. ಗೆಳೆಯರ ಹಾಡಿಗೆ, ನಾಟಕದ ಸಂಗೀತಕ್ಕೆ ಮುದ್ರಣದಲ್ಲೇ ಬಣ್ಣ ಸೇರಿಸಿದರೂ ಅಡ್ಡಿಯಿಲ್ಲ. ಅಲ್ಲಿ ಆಯ್ಕೆ ಕಲಾವಿದರದ್ದು.

ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿ ನೋಡಿ. ಬಣ್ಣ ಸೇರಿಸಿದಾಗ ದನಿ ಜೋರಾಗಿಯೂ ಆಗುತ್ತದೆ, ಜೋರಾದದ್ದು ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಎರಡೂ ಪ್ರತಿಗಳ ಗಟ್ಟಿತನವನ್ನು ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೇಳಿಸಿ. ಅವರ ಉತ್ತರವನ್ನು ಬರೆದುಕೊಳ್ಳಿ. ಹಳೆಯ ಪೆಟ್ಟಿಗೆ ನಿಜಕ್ಕೂ ಏನನ್ನು ಕೊಡುತ್ತದೆ ಎಂಬುದು ಆಗ ನಿಮ್ಮ ಕಿವಿಗೇ ಗೊತ್ತಾಗುತ್ತದೆ.